ನೋಂದಣಿ ಬಿಟ್ಟುಕೊಡಲು ಮರ್ಯಾದೆಯ ದಾರಿ ಬೇಕು: ಫಾರ್ಮಸಿ ಕೌನ್ಸಿಲ್‌ಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಸದಸ್ಯರು ಮತ್ತು ರಿಜಿಸ್ಟ್ರಾರ್‌ಗಳು,
ರಾಜ್ಯ ಫಾರ್ಮಸಿ ಕೌನ್ಸಿಲ್‌ಗಳು.
ಪ್ರತಿ: ಭಾರತೀಯ ಫಾರ್ಮಸಿ ಕೌನ್ಸಿಲ್ ಮತ್ತು ರಾಜ್ಯಗಳ ಆರೋಗ್ಯ ಇಲಾಖೆಗಳಿಗೆ.

ವಿಷಯ: ಸ್ವಇಚ್ಛೆಯಿಂದ ನೋಂದಣಿ ಬಿಡುವ ಮತ್ತು ಮರಳಿ ಪಡೆಯುವ ಫಾರ್ಮಸಿಸ್ಟ್‌ಗಳ ಬಗ್ಗೆ.

ಮಾನ್ಯರೇ,

ನಾನೊಬ್ಬ ಫಾರ್ಮಸಿಸ್ಟ್. ಮೊದಲು ನೋಂದಣಿ ಇತ್ತು, ನಡುವೆ ಕೆಲವು ವರ್ಷ ಇರಲಿಲ್ಲ, ಈಗ ಮತ್ತೆ ಇದೆ. ಬಿಟ್ಟವಳೂ ನಾನೇ, ವಾಪಸ್ ಕೇಳಿದವಳೂ ನಾನೇ. ನನ್ನ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ, ಯಾವ ವಿಚಾರಣೆಯೂ ನಡೆದಿರಲಿಲ್ಲ. ನನ್ನ ಕೆಲಸ ಆಗಿಹೋಗಿದೆ, ಹಾಗಾಗಿ ಈ ಪತ್ರದಲ್ಲಿ ನನಗಾಗಿ ಏನನ್ನೂ ಕೇಳುತ್ತಿಲ್ಲ. ತಮಗೆ ಟಪಾಲಿನಲ್ಲಿ ಕಳಿಸಿ ಸುಮ್ಮನಿರಬಹುದಿತ್ತು. ಆದರೆ ಮೆಡಿಕಲ್ ಶಾಪಿನಲ್ಲಿ ಔಷಧ ಕೊಳ್ಳುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಅನ್ನಿಸಿ ಎಲ್ಲರೆದುರು ಬರೆಯುತ್ತಿದ್ದೇನೆ.

ಓದುವ ಸಾಮಾನ್ಯ ಜನರಿಗೆ ಒಂದು ಮಾತು. ಅಂಗಡಿಯ ಲೈಸೆನ್ಸ್ ಬೇರೆ, ಫಾರ್ಮಸಿಸ್ಟ್‌ನ ನೋಂದಣಿ ಬೇರೆ. ಅಂಗಡಿಗೆ ಫಾರ್ಮ್ 20, 21ರಲ್ಲಿ ಲೈಸೆನ್ಸ್ ಕೊಡುವುದು ಔಷಧ ನಿಯಂತ್ರಣ ಇಲಾಖೆ. ಫಾರ್ಮಸಿಸ್ಟ್‌ನ ಹೆಸರು ಇರುವುದು 1948ರ ಫಾರ್ಮಸಿ ಕಾಯ್ದೆಯಡಿ ರಾಜ್ಯ ಕೌನ್ಸಿಲ್ ಇಡುವ ರಿಜಿಸ್ಟರಿನಲ್ಲಿ. ಆ ಹೆಸರಿಲ್ಲದವರು ವೈದ್ಯರ ಚೀಟಿಗೆ ಔಷಧ ಕೊಡುವಂತಿಲ್ಲ, ಅದು ಕಾಯ್ದೆಯ 42ನೇ ಸೆಕ್ಷನ್. ಚೀಟಿಯ ಔಷಧ ನೋಂದಾಯಿತ ಫಾರ್ಮಸಿಸ್ಟ್‌ನ ಖುದ್ದು ಮೇಲ್ವಿಚಾರಣೆಯಲ್ಲೇ ಹೋಗಬೇಕು ಅಂತ 1945ರ ಔಷಧ ನಿಯಮಗಳ 65ನೇ ನಿಯಮವೂ ಹೇಳುತ್ತದೆ. ಅಂದರೆ ಅಂಗಡಿಯ ಲೈಸೆನ್ಸ್ ನಿಂತಿರುವುದೇ ಫಾರ್ಮಸಿಸ್ಟ್ ಮೇಲೆ. ಈ ಒಂದು ಕಾರಣಕ್ಕೇ ಆ ಪ್ರಮಾಣಪತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಫಾರ್ಮಸಿಸ್ಟ್ ಬರಲಿ ಬಿಡಲಿ, ಕಾಗದ ಗೋಡೆ ಮೇಲಿದ್ದರೆ ಸಾಕು ಅನ್ನುವವರು ಎಷ್ಟು ಜನ ಇದ್ದಾರೆ ಅಂತ ತಮಗೆ ನಾನು ಹೇಳಬೇಕಾಗಿಲ್ಲ.

ಮನೆಯಲ್ಲಿ ಮಾವನವರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದರು. ದಿನವಿಡೀ ಒಬ್ಬರು ಜೊತೆಗಿರಬೇಕಿತ್ತು, ಆ ಒಬ್ಬರು ನಾನಾದೆ. ಕೆಲಸ ಬಿಡುತ್ತೇನೆ ಅಂತ ಅಂಗಡಿಯ ಮಾಲೀಕರಿಗೆ ಹೇಳಿದಾಗ ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. ಬಿಲ್ಲಿಂಗ್ ಕಂಪ್ಯೂಟರಿನ ಮೇಲೆ, ಎರಡು ಲೈಸೆನ್ಸ್‌ಗಳ ಪಕ್ಕದಲ್ಲಿ ತೂಗುಹಾಕಿದ್ದ ನನ್ನ ಪ್ರಮಾಣಪತ್ರದ ಕಡೆ ಕೈ ತೋರಿಸಿ, "ಅದೊಂದು ಅಲ್ಲೇ ಇರಲಿ ಬಿಡಿ ಮೇಡಂ. ನೀವು ಮನೇಲೇ ಇರಿ, ತಿಂಗಳಾದ್ರೆ ದುಡ್ಡು ಅಕೌಂಟಿಗೆ ಬರುತ್ತೆ. ಇನ್‌ಸ್ಪೆಕ್ಟರ್ ಬಂದ್ರೆ ಮಾತ್ರ ಒಂದು ಫೋನ್ ಮಾಡ್ತೀವಿ" ಅಂದರು. ಮೋಸ ಮಾಡುವ ಮನುಷ್ಯರ ದನಿ ಅದಲ್ಲ. ಬಸ್ಸಿನಲ್ಲಿ ಸೀಟು ಹಿಡಿದುಕೊಡುತ್ತೇನೆ ಅನ್ನುವಷ್ಟು ಸಹಜವಾಗಿ ಹೇಳಿದರು. ನಾನು ಸ್ಟೂಲ್ ಹಾಕಿಕೊಂಡು ಚೌಕಟ್ಟು ಇಳಿಸಿ ಮನೆಗೆ ತಂದೆ.

ಆಮೇಲೆ ಕೌನ್ಸಿಲ್‌ಗೆ ಪತ್ರ ಬರೆದೆ. ಸದ್ಯಕ್ಕೆ ವೃತ್ತಿ ಮಾಡುತ್ತಿಲ್ಲ, ನನ್ನ ಹೆಸರನ್ನು ತಾತ್ಕಾಲಿಕವಾಗಿ ರಿಜಿಸ್ಟರಿನಿಂದ ತೆಗೆಯಿರಿ, ಮೂಲ ಪ್ರಮಾಣಪತ್ರ ಲಗತ್ತಿಸಿದ್ದೇನೆ ಅಂತ. ಕೌಂಟರಿನಲ್ಲಿದ್ದವರು ಪತ್ರವನ್ನು ಎರಡು ಸಲ ಓದಿದರು. "ಹಾಗೆಲ್ಲಾ ಬಿಡೋಕೆ ಅವಕಾಶ ಇಲ್ಲ ಮೇಡಂ. ಫೀಸ್ ಕಟ್ಟೋದು ನಿಲ್ಲಿಸಿ, ತಾನಾಗೇ ಹೋಗುತ್ತೆ" ಅಂದರು. ಪ್ರಮಾಣಪತ್ರ ತಗೊಂಡು, ಪತ್ರದ ನಕಲಿನ ಮೇಲೆ ಸೀಲು ಹಾಕಿ ಕೊಟ್ಟರು. ಆ ನಕಲನ್ನು ಜೋಪಾನವಾಗಿ ಎತ್ತಿಟ್ಟಿದ್ದೇ ಮುಂದೆ ನನ್ನನ್ನು ಕಾಪಾಡಿತು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ವ್ಯವಸ್ಥೆಯಲ್ಲಿ. ಕಾಯ್ದೆಯನ್ನು ತೆಗೆದು ನೋಡಿದರೆ ರಿಜಿಸ್ಟರಿನಿಂದ ಹೊರಬರುವುದಕ್ಕೆ ಬರೆದಿಟ್ಟ ದಾರಿ ಮುಖ್ಯವಾಗಿ ಎರಡೇ. ಒಂದು 36ನೇ ಸೆಕ್ಷನ್: ಸುಳ್ಳು ಹೇಳಿ ನೋಂದಣಿ ಪಡೆದವರು, ಅಪರಾಧ ಸಾಬೀತಾದವರು, ವೃತ್ತಿಗೆ ಕಳಂಕ ತಂದವರು. ಇನ್ನೊಂದು 34ನೇ ಸೆಕ್ಷನ್: ನವೀಕರಣ ಶುಲ್ಕ ಕಟ್ಟದವರು. "ನನಗೆ ಸದ್ಯಕ್ಕೆ ಬೇಡ" ಅಂತ ಹೇಳಿ ಹೋಗುವವರಿಗೆ ಇವೆರಡರಲ್ಲೂ ಜಾಗವಿಲ್ಲ. ಹೇಳಿ ಹೋದವರೂ ಹೇಳದೆ ಹೋದವರೂ ಕಾನೂನಿನ ಕಣ್ಣಿಗೆ ಒಂದೇ, ಬಾಕಿದಾರರು.

ಇವೆರಡು ಸೆಕ್ಷನ್‌ಗಳನ್ನು ಅಕ್ಕಪಕ್ಕ ಇಟ್ಟು ಓದಿ ಅಂತ ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ದುರ್ನಡತೆಯ ಆರೋಪ ಹೊತ್ತವರಿಗೆ 36ನೇ ಸೆಕ್ಷನ್ ಎಷ್ಟು ರಕ್ಷಣೆ ಕೊಟ್ಟಿದೆ ನೋಡಿ. ಹೆಸರು ತೆಗೆಯುವ ಮೊದಲು ಕಾರ್ಯಕಾರಿ ಸಮಿತಿ ಅವರ ಮಾತು ಕೇಳಲೇಬೇಕು. ಸಮಿತಿಯ ಆದೇಶವನ್ನು ಇಡೀ ಕೌನ್ಸಿಲ್ ದೃಢಪಡಿಸಬೇಕು. ದೃಢಪಡಿಸಿದ ಮೇಲೂ ಮೂರು ತಿಂಗಳು ಕಳೆದ ನಂತರವೇ ಆದೇಶ ಜಾರಿ. ಸಾಲದ್ದಕ್ಕೆ 30 ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ. ಇದೆಲ್ಲಾ ಇರಬೇಕಾದ್ದೇ, ನನ್ನ ತಕರಾರಿಲ್ಲ. ಆದರೆ 34ನೇ ಸೆಕ್ಷನ್‌ನಲ್ಲಿ ಇರುವುದೇನು? ಗಡುವಿನೊಳಗೆ ಶುಲ್ಕ ಬರದಿದ್ದರೆ ರಿಜಿಸ್ಟ್ರಾರ್ ಹೆಸರು ತೆಗೆಯತಕ್ಕದ್ದು, ಅಷ್ಟೇ. ನೋಟಿಸಿನ ಮಾತಿಲ್ಲ, ಯಾಕೆ ಕಟ್ಟಲಿಲ್ಲ ಅಂತ ಕೇಳುವ ಮಾತಿಲ್ಲ, ಮೇಲ್ಮನವಿಯ ಮಾತೂ ಇಲ್ಲ. ಬಾಣಂತನಕ್ಕೆ ಹೋದವಳಿಗೆ, ಆಸ್ಪತ್ರೆಯಲ್ಲಿ ಮಲಗಿದವನಿಗೆ, ಹೆತ್ತವರನ್ನು ನೋಡಿಕೊಳ್ಳುತ್ತಿರುವವರಿಗೆ ಸಿಗದ ಅವಕಾಶ, ಮತ್ತಿನ ಮಾತ್ರೆ ಕದ್ದು ಮಾರಿ ಸಿಕ್ಕಿಬಿದ್ದವನಿಗೆ ಸಿಗುತ್ತದೆ. ಹೆಸರು ತೆಗೆದ ಮೇಲಂತೂ ಇಬ್ಬರಿಗೂ ಒಂದೇ ಉಪಚಾರ. 36(5)ರ ಪ್ರಕಾರ ಇಬ್ಬರೂ ಪ್ರಮಾಣಪತ್ರ ಒಪ್ಪಿಸಬೇಕು, ಇಬ್ಬರ ಹೆಸರೂ ರಾಜ್ಯಪತ್ರದಲ್ಲಿ ಬರಬೇಕು. 38ನೇ ಸೆಕ್ಷನ್ ಪ್ರಕಾರ ಹೆಸರು ತೆಗೆದ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತೆಯೂ ಇಲ್ಲ. ಹೈಕೋರ್ಟಿಗೆ ರಿಟ್ ಹಾಕುವ ದಾರಿ ಇದ್ದೇ ಇದೆ ಅನ್ನಬಹುದು. ಕೌಂಟರಿನ ಹಿಂದೆ ತಿಂಗಳ ಸಂಬಳಕ್ಕೆ ನಿಂತವರು ರಿಟ್ ಹಾಕೋಕೆ ಹೋಗ್ತಾರಾ?

ಇನ್ನು ವಾಪಸ್ ಬಂದ ಕಥೆ.

ಮಾವನವರು ತೀರಿಕೊಂಡ ಮೇಲೆ ಮತ್ತೆ ಕೆಲಸಕ್ಕೆ ಹೋಗುವ ಮನಸ್ಸು ಮಾಡಿದೆ. ಹೆಸರು ಮರುಸೇರ್ಪಡೆಗೆ ಅರ್ಜಿ ಹಾಕಲು ಹೋದಾಗ ಫಾರ್ಮಿನ ಜೊತೆಗಿನ ಪಟ್ಟಿಯಲ್ಲಿ "ಮೂಲ ನೋಂದಣಿ ಪ್ರಮಾಣಪತ್ರ" ಅಂತ ಒಂದು ಸಾಲಿತ್ತು. ಅದು ನಿಮ್ಮ ಹತ್ರಾನೇ ಇದೆ ಸರ್, ಒಪ್ಪಿಸಿದ್ದೇನೆ ಅಂದೆ. ಹಳೆಯ ಕಡತ ಎಲ್ಲಿದೆಯೋ ಗೊತ್ತಿಲ್ಲ ಅಂದರು. ಮುಂದೆ ಬಂದ ಸಲಹೆ ಇದು: "ಕಳೆದುಹೋಗಿದೆ ಅಂತ ಸ್ಟೇಷನ್‌ನಲ್ಲಿ ಒಂದು ದೂರು ಕೊಡಿ. ಸ್ವೀಕೃತಿ ತಗೊಂಡು, ಅಫಿಡವಿಟ್ ಮಾಡಿಸ್ಕೊಂಡು ಬನ್ನಿ. ಡೂಪ್ಲಿಕೇಟ್ ಮಾಡಿಕೊಡೋಣ."

ಕೌನ್ಸಿಲ್ ಕೈಗೆ ಕೊಟ್ಟ ಕಾಗದ ಕಳೆದುಹೋಗಿದೆ ಅಂತ ಪೊಲೀಸರ ಮುಂದೆ ಸುಳ್ಳು ಹೇಳಬೇಕು. ಅದನ್ನೇ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಆ ಸುಳ್ಳು ಪ್ರಮಾಣದ ಆಧಾರದ ಮೇಲೆ ಪ್ರಾಮಾಣಿಕ ವೃತ್ತಿಗೆ ವಾಪಸ್ ಬರಬೇಕು. ಹೇಳಿದವರು ಕೆಟ್ಟವರಲ್ಲ, ನನಗೆ ಸಹಾಯ ಮಾಡಲೆಂದೇ ಹೇಳಿದರು. ನಾನು ಒಪ್ಪಲಿಲ್ಲ. ಸೀಲು ಬಿದ್ದ ನಕಲನ್ನು ಮುಂದಿಟ್ಟು, ಇದರ ಮೇಲೆ ಏನಾದರೂ ಬರೆದುಕೊಡಿ ಅಂತ ಹಟ ಹಿಡಿದೆ. ತಿಂಗಳುಗಟ್ಟಲೆ ಓಡಾಡಿದ ಮೇಲೆ ಟಪಾಲು ಪುಸ್ತಕದಲ್ಲಿ ನಮೂದು ಸಿಕ್ಕಿತು, ಕಡತವೂ ಸಿಕ್ಕಿತು. ಅದರೊಳಗೆ ಪ್ರಮಾಣಪತ್ರ ಹಾಗೇ ಇತ್ತು. ಇಷ್ಟು ಹೊತ್ತಿಗೆ ಬೇರೆ ಯಾರಾದರೂ ಆಗಿದ್ದರೆ ಬೇಸತ್ತು ಅಫಿಡವಿಟ್ ಮಾಡಿಸಿಬಿಡುತ್ತಿದ್ದರು, ಅವರನ್ನು ನಾನು ದೂರುವುದೂ ಇಲ್ಲ.

ಆಮೇಲೆ ಹಣದ ಲೆಕ್ಕ. ಹೊರಗಿದ್ದ ಅಷ್ಟೂ ವರ್ಷದ ಶುಲ್ಕ, ಅದರ ಮೇಲೆ ದಂಡ, ಅದರ ಮೇಲೆ ಮರುಸೇರ್ಪಡೆ ಶುಲ್ಕ. ಒಂದೇ ಒಂದು ಮಾತ್ರೆಯನ್ನೂ ಕೊಡದ ವರ್ಷಗಳಿಗೆ ನವೀಕರಣ ಶುಲ್ಕ ಯಾಕೆ ಅಂತ ಕೇಳಿದೆ. ನಿಯಮ ಹಾಗಿದೆ ಅಂದರು. ಕಟ್ಟಿದೆ, ರಸೀದಿ ಬಂತು. 34(3)ರ ಪ್ರಕಾರ ಆ ರಸೀದಿಯೇ ನವೀಕರಣಕ್ಕೆ ಪುರಾವೆ. ಅಲ್ಲಿಗೆ ಮುಗಿಯಿತು.

ನನ್ನ ನಿಜವಾದ ದೂರು ಇರುವುದು ಇಲ್ಲಿ. ಇಷ್ಟೂ ಓಡಾಟದಲ್ಲಿ ಒಬ್ಬರೂ ನನ್ನನ್ನು ಔಷಧದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕಾಗದ ಕೇಳಿದರು, ಫೋಟೋ ಕೇಳಿದರು, ಚಲನ್ ಕೇಳಿದರು. ಇಷ್ಟು ವರ್ಷ ಹೊರಗಿದ್ದೀರಲ್ಲ, ಈಗ ಏನೇನು ಬದಲಾಗಿದೆ ಗೊತ್ತಾ ಅಂತ ಯಾರೂ ಕೇಳಲಿಲ್ಲ.

ಬದಲಾಗಿದ್ದೇನು ಕಡಿಮೆಯೇ? ನಾನು ಕೌಂಟರ್ ಬಿಟ್ಟಾಗ ಶೆಡ್ಯೂಲ್ ಎಚ್1 ಅನ್ನುವ, ಹೆಚ್ಚು ನಿಗಾ ಬೇಕಾದ ಔಷಧಗಳ ಪಟ್ಟಿಯೇ ಇರಲಿಲ್ಲ. ಅದು 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್‌ನಿಂದ ಜಾರಿಗೆ ಬಂತು. ಆ ಪಟ್ಟಿಯ ಆಂಟಿಬಯಾಟಿಕ್, ಕ್ಷಯದ ಔಷಧ, ನಿದ್ದೆ ಮಾತ್ರೆಗಳಿಗೆ ಬೇರೆಯೇ ರಿಜಿಸ್ಟರ್ ಇಡಬೇಕು. ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲ ಬರೆದು ಮೂರು ವರ್ಷ ಕಾಯ್ದಿಡಬೇಕು. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 328 ಮಿಶ್ರಣ ಔಷಧಗಳನ್ನು ನಿಷೇಧಿಸಿತು, 2024ರ ಆಗಸ್ಟ್‌ನಲ್ಲಿ ಇನ್ನೂ 156. ಅವುಗಳಲ್ಲಿ ಕೆಲವನ್ನು ನಮ್ಮ ಕಾಲದಲ್ಲಿ ದಿನಾ ಕೊಡುತ್ತಿದ್ದೆವು. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಲೇಬೇಕು.

ಮತ್ತೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಕೇಳಿದ್ದು ನೆಗಡಿಯ ಸಿರಪ್, ಅದೂ ಬ್ರ್ಯಾಂಡ್ ಹೆಸರು ಹೇಳಿ. ದೊಡ್ಡ ಮಗನಿಗೆ ಅದನ್ನೇ ಕೊಡ್ತಿದ್ವಿ ಅಂದರು. ಮಗುವಿಗೆ ಎರಡು ವರ್ಷ ಆಗಿರಬೇಕು ಅಷ್ಟೇ. ಬಾಟಲಿ ತಿರುಗಿಸಿ ನೋಡಿದರೆ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಮಿಶ್ರಣ. ಇದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಲೇಬಲ್ ಮೇಲೂ ಹಾಗೆ ಬರೆಯಬೇಕು ಅಂತ 2023ರ ಡಿಸೆಂಬರ್‌ನಲ್ಲಿ ಔಷಧ ಮಹಾನಿಯಂತ್ರಕರ ಆದೇಶವಾಗಿದೆ. ಕೊಡಲಿಲ್ಲ, ಡಾಕ್ಟರ ಹತ್ತಿರ ಕಳಿಸಿದೆ. ನನಗೆ ಅದು ಗೊತ್ತಿದ್ದದ್ದು ನಾನಾಗಿ ಕೂತು ಓದಿಕೊಂಡಿದ್ದರಿಂದ. ಓದದಿದ್ದರೂ ನನ್ನ ರಸೀದಿ ಅಷ್ಟೇ ಊರ್ಜಿತವಾಗಿರುತ್ತಿತ್ತು.

ನವೀಕರಣಕ್ಕೆ ಜ್ಞಾನದ ಷರತ್ತು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿ ಐದು ವರ್ಷಕ್ಕೆ ಕನಿಷ್ಠ ಎರಡು ಪುನಶ್ಚೇತನ ತರಬೇತಿ, ಒಂದೊಂದೂ ಕನಿಷ್ಠ ಒಂದು ದಿನದ್ದು, ಅಂತ ಇದೆ. ಸದಾ ಕೌಂಟರಿನಲ್ಲೇ ಇರುವವರಿಗೆ ಅದು ಸಾಕಾಗಬಹುದು. ವರ್ಷಗಟ್ಟಲೆ ದೂರ ಇದ್ದು ಬರುವವರಿಗೂ ಅದೇ ಎರಡು ದಿನ ಅಂದರೆ ಹೇಗೆ? ಜೊತೆಗೆ, ನಾನು ಕಂಡ ತರಬೇತಿಗಳಲ್ಲಿ ಹಾಜರಿ ಸಹಿಗೆ ಇದ್ದ ಗಡಿಬಿಡಿ ಪಾಠಕ್ಕೆ ಇರಲಿಲ್ಲ. ಹೊಸದಾಗಿ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮುಗಿಸುವ ಮಕ್ಕಳಿಗೆ 2022ರ ನಿಯಮಾವಳಿಯಲ್ಲಿ ಎಕ್ಸಿಟ್ ಪರೀಕ್ಷೆ ತಂದಿದ್ದೀರಿ. ನಿನ್ನೆ ಮೊನ್ನೆ ಓದು ಮುಗಿಸಿದವರಿಗೆ ಪರೀಕ್ಷೆ, ಎಲ್ಲ ಮರೆತಿರಬಹುದಾದ ನಮ್ಮಂಥವರಿಗೆ ಬರೀ ಚಲನ್.

ಇದರ ಇನ್ನೊಂದು ಮಗ್ಗುಲನ್ನೂ ಹೇಳಿಬಿಡುತ್ತೇನೆ. ಅವತ್ತು ಮಾಲೀಕರ ಮಾತಿಗೆ ಹೂಂ ಅಂದಿದ್ದರೆ ಏನಾಗುತ್ತಿತ್ತು? ಪ್ರತಿ ಸಲ ಗಡುವಿಗೆ ಮೊದಲೇ ಶುಲ್ಕ ಹೋಗುತ್ತಿತ್ತು, ಬಹುಶಃ ಅಂಗಡಿಯವರೇ ಕಟ್ಟುತ್ತಿದ್ದರು. ನನ್ನ ಹೆಸರು ರಾಜ್ಯಪತ್ರದಲ್ಲಿ ಬರುತ್ತಿರಲಿಲ್ಲ, ಬಾಕಿ ಇಲ್ಲ, ದಂಡ ಇಲ್ಲ, ಪೊಲೀಸ್ ಸ್ಟೇಷನ್ ಇಲ್ಲ. ದಾಖಲೆಯಲ್ಲಿ ನಾನು ಒಂದು ದಿನವೂ ತಪ್ಪಿಸದ ಫಾರ್ಮಸಿಸ್ಟ್. ಕೌಂಟರಿನಲ್ಲಿ ಮಾತ್ರ ಪಿಯುಸಿ ಮುಗಿಸಿದ ಯಾರೋ ಹುಡುಗ ಡಾಕ್ಟರ ಅಕ್ಷರವನ್ನು ಊಹೆಯ ಮೇಲೆ ಓದುತ್ತಿರುತ್ತಿದ್ದ. ಈಗಿನ ಪದ್ಧತಿಯಲ್ಲಿ ಸುಖವಾಗಿರುವವರು ಬಾಡಿಗೆಗೆ ಕೊಟ್ಟವರು, ಕಷ್ಟಪಡುವವರು ಒಪ್ಪಿಸಿ ಹೋದವರು. ಬಾಡಿಗೆ ದಂಧೆ ನಿಲ್ಲಬೇಕು ಅಂತ ಸಭೆ ಸಭೆಯಲ್ಲೂ ಹೇಳುತ್ತೀರಿ. ಪ್ರಾಮಾಣಿಕವಾಗಿ ಬಿಡುವ ದಾರಿಯನ್ನು ಇಷ್ಟು ದುಬಾರಿ ಮಾಡಿಟ್ಟು ಅದು ನಿಲ್ಲಲಿ ಅಂದರೆ ನಿಲ್ಲುತ್ತಾ?

ಬೇರೆ ಕಡೆ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ 2010ರಿಂದ ಈ ವೃತ್ತಿಯನ್ನು ನಿಯಂತ್ರಿಸುತ್ತಿರುವ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್‌ನಲ್ಲಿ ಸ್ವಇಚ್ಛೆಯಿಂದ ಹೆಸರು ತೆಗೆಸಿಕೊಳ್ಳಲು ಅರ್ಜಿ ಹಾಕಬಹುದು. ಮರಳುವಾಗ, ತುಂಬಾ ದಿನ ಹೊರಗಿದ್ದವರು ತಮ್ಮ ತಿಳಿವಳಿಕೆ ಈಗಿನ ಕಾಲಕ್ಕೆ ಸರಿಯಾಗಿದೆ ಅಂತ ದಾಖಲೆ ಸಮೇತ ತೋರಿಸಬೇಕು. ಆಸ್ಟ್ರೇಲಿಯಾದಲ್ಲಿ ವೃತ್ತಿ ಮಾಡದವರಿಗೆಂದೇ ಒಂದು ನೋಂದಣಿ ವರ್ಗ ಇದೆ. ಹೆಸರು ಉಳಿಯುತ್ತದೆ, ಔಷಧ ಕೊಡುವ ಹಕ್ಕು ಇರುವುದಿಲ್ಲ. ಅವರನ್ನೇ ನಕಲು ಮಾಡಿ ಅನ್ನುವುದಿಲ್ಲ. ಬಿಡುವುದನ್ನೂ ತಪ್ಪು ಮಾಡುವುದನ್ನೂ ಬೇರೆ ಬೇರೆಯಾಗಿ ನೋಡಲು ಸಾಧ್ಯ ಅನ್ನುವುದಕ್ಕೆ ಇದು ಸಾಕ್ಷಿ ಅಷ್ಟೇ.

ತಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಸಿಬ್ಬಂದಿ ಕಡಿಮೆ, ಅರ್ಜಿಗಳ ರಾಶಿ ಜಾಸ್ತಿ. ನವೀಕರಣ ಶುಲ್ಕವೇ ಕೌನ್ಸಿಲ್‌ನ ಆದಾಯ. ಶುಲ್ಕದ ಗಡುವು ಇಲ್ಲದಿದ್ದರೆ ತೀರಿಹೋದವರ ಹೆಸರೂ ರಿಜಿಸ್ಟರಿನಲ್ಲಿ ಉಳಿದುಬಿಡುತ್ತದೆ. ಎಲ್ಲ ಸರಿ. ಆದರೆ ನಾನು ಕೇಳುತ್ತಿರುವುದಕ್ಕೆ ಬಹುಪಾಲು ಸಂಸತ್ತಿನ ತನಕ ಹೋಗಬೇಕಾಗಿಲ್ಲ. 34ನೇ ಸೆಕ್ಷನ್ನೇ, ತೆಗೆದ ಹೆಸರನ್ನು ನಿಯಮದಲ್ಲಿ ಹೇಳಿದ ಷರತ್ತುಗಳ ಮೇಲೆ ಮತ್ತೆ ಸೇರಿಸಬಹುದು ಅನ್ನುತ್ತದೆ. ಆ ನಿಯಮ ಮಾಡುವುದು ರಾಜ್ಯ ಸರ್ಕಾರ. ಷರತ್ತು ಅಂದರೆ ಬಾಕಿ ಹಣವೇ ಆಗಬೇಕು ಅಂತ ಕಾಯ್ದೆಯಲ್ಲಿ ಎಲ್ಲಿ ಬರೆದಿದೆ?

ಹಾಗಾಗಿ ನನ್ನ ಕೋರಿಕೆ. ವೃತ್ತಿಯಿಂದ ಸ್ವಲ್ಪ ಕಾಲ ಹೊರಗಿರುತ್ತೇನೆ ಅಂತ ಲಿಖಿತವಾಗಿ ತಿಳಿಸುವವರಿಗೆ ಒಂದು ಸರಳ ಅರ್ಜಿ ಮಾಡಿ. ಪ್ರಮಾಣಪತ್ರ ತಗೊಂಡು ಸ್ವೀಕೃತಿ ಕೊಡಿ. ಆ ಮಾಹಿತಿ ಕೂಡಲೇ ಔಷಧ ನಿಯಂತ್ರಣ ಇಲಾಖೆಗೆ ಹೋಗಿ, ಯಾವ ಅಂಗಡಿಯ ಲೈಸೆನ್ಸ್ ಜೊತೆಗೂ ಆ ಹೆಸರು ಅಂಟಿಕೊಂಡಿರದಂತೆ ನೋಡಿಕೊಳ್ಳಿ. ಹೊರಗಿದ್ದ ವರ್ಷಗಳಿಗೆ ಬಾಕಿ, ದಂಡ ಹಾಕಬೇಡಿ. ಹಾಗಂತ ತನಿಖೆ ಎದುರಿಸುತ್ತಿರುವವರು ಇದನ್ನೇ ಹಿಂಬಾಗಿಲು ಮಾಡಿಕೊಳ್ಳಬಾರದು. ದೂರು ಇತ್ಯರ್ಥವಾಗುವ ತನಕ ಅಂಥವರ ಅರ್ಜಿಯನ್ನು ತಡೆಹಿಡಿಯಿರಿ.

ಏನೂ ಹೇಳದೆ ಶುಲ್ಕ ನಿಲ್ಲಿಸಿದವರಿಗೂ ಹೆಸರು ತೆಗೆಯುವ ಮೊದಲು ಒಂದು ನೋಟಿಸ್ ಕೊಡಿ. ಈಗ ಎಲ್ಲರ ಮೊಬೈಲ್ ನಂಬರ್ ತಮ್ಮಲ್ಲಿದೆ, ಒಂದು ಮೆಸೇಜಿಗೆ ಏನು ಖರ್ಚು?

ಮರಳುವವರನ್ನು ದಯವಿಟ್ಟು ಔಷಧದ ಬಗ್ಗೆ ಕೇಳಿ. ಸ್ವಲ್ಪ ಕಾಲ ಮಾತ್ರ ಹೊರಗಿದ್ದವರಿಗೆ ಶುಲ್ಕ, ಅರ್ಜಿ ಸಾಕು. ಹೆಚ್ಚು ವರ್ಷ ಕಳೆದಿದ್ದರೆ ನಿಷೇಧಿತ ಔಷಧ, ಹೊಸ ಶೆಡ್ಯೂಲ್, ಮಕ್ಕಳ ಮತ್ತು ಗರ್ಭಿಣಿಯರ ಔಷಧದ ಎಚ್ಚರಿಕೆಗಳ ಮೇಲೆ ಒಂದು ಸಣ್ಣ ಪರೀಕ್ಷೆ ಇರಲಿ. ಅದಕ್ಕೂ ಜಾಸ್ತಿಯಾದರೆ ಇನ್ನೊಬ್ಬ ಫಾರ್ಮಸಿಸ್ಟ್ ಜೊತೆಯಲ್ಲಿ ಕೆಲವು ವಾರ ಕೆಲಸ ಮಾಡಿಸಿ. ನಾನು ಖುಷಿಯಿಂದ ಮಾಡುತ್ತಿದ್ದೆ. ಇಂತಿಷ್ಟು ದಿನದಲ್ಲಿ ತೀರ್ಮಾನ ಅಂತ ಗಡುವನ್ನೂ ಹಾಕಿಕೊಳ್ಳಿ.

ಶಿಸ್ತುಕ್ರಮಕ್ಕೆ ಒಳಗಾಗಿ ಹೆಸರು ಕಳೆದುಕೊಂಡವರ ವಿಷಯ ಬೇರೆ, ಅದರಲ್ಲಿ ನನಗೆ ಅನುಭವವಿಲ್ಲ. ಆದರೂ 37ನೇ ಸೆಕ್ಷನ್, ಕೌನ್ಸಿಲ್‌ಗೆ ಸಾಕೆನಿಸುವ ಕಾರಣಗಳಿದ್ದರೆ ಹೆಸರು ಮರಳಿ ಸೇರಿಸಬಹುದು ಅಂತಷ್ಟೇ ಹೇಳುತ್ತದೆ. ಆ ಕಾರಣಗಳು ಯಾವುವು ಅಂತ ಮೊದಲೇ ಬರೆದು ಪ್ರಕಟಿಸಿದರೆ ಅವರಿಗೂ ಒಳ್ಳೆಯದು, ಜನರಿಗೂ ಅನುಮಾನ ಇರುವುದಿಲ್ಲ.

1948ರ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಫಾರ್ಮಸಿ ಆಯೋಗ ಮಸೂದೆಯ ಕರಡನ್ನು ಕೇಂದ್ರ ಆರೋಗ್ಯ ಸಚಿವಾಲಯ 2023ರ ನವೆಂಬರ್‌ನಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ಹೊಸ ಕಾನೂನು ಯಾವ ರೂಪದಲ್ಲಿ ಬಂದರೂ, ಸ್ವಇಚ್ಛೆಯ ವಿರಾಮ ಮತ್ತು ಮರಳುವಿಕೆಗೆ ಅದರಲ್ಲಿ ಬೇರೆಯೇ ಒಂದು ಸೆಕ್ಷನ್ ಇರುವಂತೆ ಭಾರತೀಯ ಫಾರ್ಮಸಿ ಕೌನ್ಸಿಲ್ ಶಿಫಾರಸು ಮಾಡಬೇಕು ಅಂತ ವಿನಂತಿಸುತ್ತೇನೆ.

ಇದಕ್ಕೆಲ್ಲ ಸಮಯ ಬೇಕು, ಗೊತ್ತು. ಅಲ್ಲಿಯ ತನಕ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಮರುಸೇರ್ಪಡೆ ಅರ್ಜಿಯಲ್ಲಿ "ಮೂಲ ನೋಂದಣಿ ಪ್ರಮಾಣಪತ್ರ" ಅನ್ನುವ ಸಾಲಿನ ಮುಂದೆ "ಅಥವಾ ಅದನ್ನು ಕೌನ್ಸಿಲ್‌ಗೆ ಒಪ್ಪಿಸಿದ್ದಕ್ಕೆ ಸ್ವೀಕೃತಿ" ಅಂತ ಸೇರಿಸಿ. ಇದಕ್ಕೆ ತಿದ್ದುಪಡಿ ಬೇಡ, ಸಭೆಯ ನಿರ್ಣಯವೂ ಬೇಡ. ರಿಜಿಸ್ಟ್ರಾರ್‌ರವರು ಒಂದು ಸುತ್ತೋಲೆ ಹೊರಡಿಸಿದರೆ ನಾಳೆಯಿಂದಲೇ ಯಾರೂ ಸುಳ್ಳು ಅಫಿಡವಿಟ್ ಮಾಡಿಸಬೇಕಾಗಿಲ್ಲ. ಆ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರಿಜಿಸ್ಟರಿಗೆ ಮರಳಿದ ಒಬ್ಬ ಫಾರ್ಮಸಿಸ್ಟ್